ಹತ್ತಿಮಾವನ ಹೆಗಲೇರಿದ ಕೋಳಿಗಳು

ಹಾಸಿಗೆ ಹೊಲಿಯುವ ಆ ಮನುಷ್ಯನನ್ನು ಊರೆಲ್ಲ ಹತ್ತಿಮಾವ ಎಂದು ಕರೆಯುತ್ತಿತ್ತು. ಅವನು ಅವರಲ್ಲಿ ಯಾರಿಗೂ ನಿಜವಾದ ಮಾವನಲ್ಲ. ಆದರೆ ಊರಿನ ಅರ್ಧ ಜನ ಹುಟ್ಟಿದ್ದು, ಮುಕ್ಕಾಲು ಜನ ಗೊರಕೆ ಹೊಡೆದದ್ದು ಅವನು ಹೊಲಿದ ಹಾಸಿಗೆಯ ಮೇಲೆ. ಅಷ್ಟು ಸಲಿಗೆಯಾದ ಮೇಲೆ ಮಾವ ಅನ್ನದೆ ಇನ್ನೇನು ಅನ್ನಬೇಕು? ಅವನ ಹಾಸಿಗೆಗಳು ಎಷ್ಟು ಮೆತ್ತಗೆ ಎಂಬ ಬಗ್ಗೆ ಓಡಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಬರೀ ಗಾಳಿ ಎಂದು ಬೇರೆ ಮಾಡುವುದು ಕಷ್ಟ. ಅಂಚೆಯವನೊಬ್ಬ ಹೊಸ ಹಾಸಿಗೆ ಹೇಗಿದೆ ನೋಡೋಣ ಎಂದು ಒಂದು ಗಳಿಗೆ ಒರಗಿದವನು ಎದ್ದು ಕೂರುವಷ್ಟರಲ್ಲಿ ಅವನಿಗೆ ನಿವೃತ್ತಿಯಾಗಿತ್ತಂತೆ. ದಪ್ಪ ಮೈಯ ವ್ಯಾಪಾರಿಯೊಬ್ಬ ಮಲಗಿದ ರಭಸಕ್ಕೆ ಎಷ್ಟು ಆಳಕ್ಕೆ ಇಳಿದನೆಂದರೆ, ಮನೆಯವರು ಹಗ್ಗ ಬಿಟ್ಟು "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಕೂಗಬೇಕಾಯಿತಂತೆ.

ಇಷ್ಟೆಲ್ಲ ಮೆತ್ತಗಿನದನ್ನು ಮಾಡಿದವನ ಮೈಮೇಲೆ ಮಾತ್ರ ಮೆತ್ತಗಿನ ಜಾಗ ಒಂದೂ ಇರಲಿಲ್ಲ. ಮೊಣಕಾಲು ಬಾಗಿಲ ಹಿಡಿಯ ಹಾಗೆ, ಹೆಗಲು ಕೋಟು ತೂಗುಹಾಕುವ ಗೂಟದ ಹಾಗೆ. ತಿಂದದ್ದೆಲ್ಲ ದಿಂಬಿಗೇ ಹೋಗುತ್ತದೆ ಎಂದು ಅವನ ಹೆಂಡತಿ ಗೊಣಗುತ್ತಿದ್ದಳು.

ಅಂಗಡಿಯ ಹಿಂದೆ ಹತ್ತಿ ಹಿಂಜುವ ಕೋಣೆ. ಅದರ ಹಿಂದೆ ಅಡುಗೆಮನೆ. ಅದಕ್ಕೂ ಹಿಂದೆ ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಒಂದು ನಿಂಬೆಗಿಡ ಇರುವ ಹಿತ್ತಲು. ಹಿಂಜುವ ಕೋಣೆಯಲ್ಲಿ ಹತ್ತಿಯ ಎಳೆಗಳು ಸದಾ ಗಾಳಿಯಲ್ಲೇ ಇರುತ್ತಿದ್ದವು. ಸೂರಿನಲ್ಲಿ ಕೂರಿಸಿದ ಗಾಜಿನಿಂದ ಬಿಸಿಲು ಒಳಗೆ ಬಂದರೆ ಅದೂ ಆ ಎಳೆಗಳಿಗೆ ಸಿಕ್ಕಿಕೊಂಡು ನೆಲ ಮುಟ್ಟುವುದಕ್ಕೆ ಸಂಜೆ ಮಾಡುತ್ತಿತ್ತು. ಅಪ್ಪನ ಮಗ್ಗುಲಲ್ಲಿ ಕೂತು ಹತ್ತಿ ಹಿಂಜುವ ಬಿಲ್ಲು ಹಿಡಿದ ದಿನದಿಂದ ಹತ್ತಿಮಾವ ಆ ಬೆಳ್ಳಗಿನ ಗಾಳಿಯಲ್ಲೇ ಇದ್ದ. ಬಿಲ್ಲಿನ ತಂತಿ ಟಂಯ್ ಟಂಯ್ ಅನ್ನುತ್ತ ಅನ್ನುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ಗಿರಾಕಿಗಳಿಗೆ "ಹೋದ್ರು. ಸ್ವಲ್ಪ ಇರಿ, ಬರ್ತಾರೆ" ಎನ್ನುತ್ತಿದ್ದಳು. ಹೊಸ ಗಿರಾಕಿಗಳು ಬೀದಿಯ ಕಡೆ ನೋಡುತ್ತಿದ್ದರು. ಹಳಬರು ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಅವನು ಒಳಗೇ ಇರುತ್ತಿದ್ದ, ಬಿಲ್ಲು ತೊಡೆಯ ಮೇಲೆ, ಕಣ್ಣು ತೇಲುವ ಎಳೆಯೊಂದರ ಹಿಂದೆ.

ಅವನಿಗೆ ಜೀವನದಲ್ಲಿ ಒಂದೇ ಒಂದು ನಂಬಿಕೆ. ಯಾವುದೇ ತೊಂದರೆ ಬರಲಿ, ನಡುವೆ ಒಂದಿಷ್ಟು ಹತ್ತಿ ಇಟ್ಟರೆ ಸರಿಹೋಗುತ್ತದೆ. ಕುರ್ಚಿ ಕಿರುಗುಟ್ಟಿದರೆ ಹತ್ತಿ, ಪಾತ್ರೆ ಸದ್ದು ಮಾಡಿದರೆ ಹತ್ತಿ. ಅವನ ಜೊತೆಗೇ ಇದ್ದ ಅಕ್ಕ, ಬೀದಿಯವರೆಲ್ಲ ದೊಡ್ಡಕ್ಕ ಎನ್ನುವವಳು, ಸಿಟ್ಟು ಬಂದಾಗ ಕೋಣೆಯ ಬಾಗಿಲನ್ನು ಧಡಾರೆಂದು ಹಾಕುವವಳು. ಅವನು ಆ ಬಾಗಿಲಿನ ಅಂಚಿಗೆ ಗೊತ್ತಾಗದಂತೆ ಮೆತ್ತೆ ಹೊಲಿದುಬಿಟ್ಟ. ಅಂದಿನಿಂದ ದೊಡ್ಡಕ್ಕನ ಸಿಟ್ಟೆಲ್ಲ ಪುಸ್ ಎಂದು ಮುಚ್ಚಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಇದೇ ದೊಡ್ಡಕ್ಕ ಮೊಟ್ಟೆ ತರಲು ಪೇಟೆಗೆ ಹೋದಳು. ಬರುವಾಗ ಕೈಯಲ್ಲಿ ಚಿಯ್ ಚಿಯ್ ಅನ್ನುವ ರಟ್ಟಿನ ಪೆಟ್ಟಿಗೆ.

"ಮೊಟ್ಟೆ ಎಲ್ಲಿ ಅಕ್ಕಾ?"

"ಇದೇ. ಇನ್ನೈದು ತಿಂಗಳು ತಡ್ಕೋ."

"ಆಮ್ಲೆಟ್ಟಿಗೆ ಈಗ ಬಾಣಲೆ ಇಟ್ಟಿದೀನಲ್ಲ ದೊಡ್ಡಕ್ಕಾ?" ಎಂದಳು ಹೆಂಡತಿ ಒಳಗಿನಿಂದ.

"ಇಳಿಸು ಹಾಗಾದ್ರೆ. ದಿನಾ ಅಂಗಡಿಯವನ ಒಡಕು ಮೊಟ್ಟೆ ಆರಿಸೋದು ಸಾಕಾಯ್ತು ನನಗೆ."

ಹತ್ತಿಮಾವ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. ಒಳಗೆ ಹತ್ತು ಹನ್ನೆರಡು ಉಂಡೆ ಹತ್ತಿ, ಪ್ರತಿಯೊಂದಕ್ಕೂ ಎರಡು ಕಣ್ಣು. ಜೀವಮಾನವೆಲ್ಲ ಹತ್ತಿ ಹಿಂಜಿದವನಿಗೆ ಹತ್ತಿ ತಿರುಗಿ ತನ್ನನ್ನು ನೋಡಿದ್ದು ಅದೇ ಮೊದಲು. ಅವನು ಅಲ್ಲೇ 'ಹೋದ'. ಆ ದಿನ ಹೆಂಡತಿ ಗಿರಾಕಿಗಳಿಗೆ ಸ್ವಲ್ಪ ಇರಿ ಎನ್ನಲಿಲ್ಲ, ನಾಳೆ ಬನ್ನಿ ಎಂದಳು.

ಹಿಂಜುವ ಕೋಣೆಯ ಮೂಲೆಯಲ್ಲಿ ಮರಿಗಳಿಗೆ ಮನೆಯಾಯಿತು. ಕಾವಿಗೆ ಮೇಲೊಂದು ಬಲ್ಬು ತೂಗುಬಿಟ್ಟ. ಕುಡಿಯಲು ತಟ್ಟೆಯಲ್ಲಿ ನೀರು, ಮರಿಗಳು ಅದರಲ್ಲಿ ಮುಳುಗದಂತೆ ನಾಲ್ಕು ಕಲ್ಲು. ತಿನ್ನಲು ನುಚ್ಚು. ಚಳಿಯಾದರೆ ಬಲ್ಬಿನಡಿ ಒಂದೇ ಉಂಡೆಯಾಗುತ್ತಿದ್ದವು, ಸೆಕೆಯಾದರೆ ಮೂಲೆಮೂಲೆಗೆ ಚೆದುರುತ್ತಿದ್ದವು. ಅದನ್ನು ನೋಡಿ ಬಲ್ಬನ್ನು ಮೇಲೆ ಕೆಳಗೆ ಮಾಡುವುದೇ ಅವನ ಹೊಸ ಉದ್ಯೋಗ. ಇನ್ನು ಅವುಗಳ ನಿದ್ದೆ! ಓಡುತ್ತ ಓಡುತ್ತ ಕಾಲು ಎತ್ತಿದಲ್ಲೇ ಕಣ್ಣು ಮುಚ್ಚಿ ಮುಗ್ಗರಿಸಿ ನಿದ್ದೆ ಹೋಗುತ್ತಿದ್ದವು. ಬಿಲ್ಲು ಟಂಯ್ ಎಂದರೆ ಎದ್ದು ಇನ್ನೆರಡು ಹೆಜ್ಜೆ ಓಡಿ ಮತ್ತೆ ನಿದ್ದೆ. ಇಷ್ಟು ವರ್ಷ ಊರಿಗೆ ನಿದ್ದೆ ಹೊಲಿದುಕೊಟ್ಟ ಹತ್ತಿಮಾವ, ಹಾಸಿಗೆಯೇ ಇಲ್ಲದೆ ಹೀಗೆ ನಿದ್ದೆ ಮಾಡುವವರನ್ನು ಕಂಡಿರಲಿಲ್ಲ. ಇವು ದೊಡ್ಡವಾಗಿ ಊರಿಗೆ ಈ ವಿದ್ಯೆ ಕಲಿಸಿದರೆ ಅಂಗಡಿ ಮುಚ್ಚಬೇಕಾದೀತು ಎಂದುಕೊಂಡ.

ಪೆಟ್ಟಿಗೆಯ ತಳಕ್ಕೆ ಅವನು ಹಾಸಿದ್ದು ಸ್ಯಾಟಿನ್. ಬೇರೆ ಯಾರಾದರೂ ಆಗಿದ್ದರೆ ಮರದ ಹೊಟ್ಟು ಹಾಕುತ್ತಿದ್ದರು. ಅವನ ಕಣ್ಣಿಗೆ ಇಂಥ ಎಳೆಯ ಪಾದಗಳಿಗೆ ಹೊಟ್ಟು ಎಂದರೆ ಅನ್ಯಾಯ. ಶ್ರೀಮಂತರ ಮನೆಯ ರಜಾಯಿಗೆ ತಂದು ಉಳಿದಿದ್ದ ನೀಲಿ ಸ್ಯಾಟಿನ್ ತುಂಡನ್ನು ಒಳಗೆ ಹತ್ತಿ ತುಂಬಿ ಹೊಲಿದು, ಸುಕ್ಕಿಲ್ಲದಂತೆ ಎಳೆದು ಹಾಸಿದ. ಮರಿಗಳು ಅದರ ಮೇಲೆ ಐಸಿನ ಮೇಲೆ ಆಡುವವರ ಹಾಗೆ ಜಾರಿದವು. ಎಷ್ಟು ಖುಷಿಯಾಗಿವೆ ನೋಡು ಎಂದು ಅವನು ಹೆಂಡತಿಯನ್ನು ಕರೆದು ತೋರಿಸಿದ.

ನಾಲ್ಕು ದಿನ ಕಳೆಯುವಷ್ಟರಲ್ಲಿ ಅವುಗಳಲ್ಲಿ ಒಂದು ಏಳಲಿಲ್ಲ. ಒಂದು ಕಾಲು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಹೊಟ್ಟೆ ನೆಲಕ್ಕೆ. ನುಚ್ಚಿನ ಕಡೆ ಈಜುತ್ತಿತ್ತು.

ಗೋಡೆಯಾಚೆಯ ಬಡಗಿ ಚಹಾದ ಲೋಟ ಹಿಡಿದೇ ಬಂದು ಬಗ್ಗಿ ನೋಡಿದ. "ಇದೇನು ಮಾವ, ನನ್ನ ಕಂಪಾಸಿನ ಹಾಗೆ ನಿಂತಿದೆ? ಮಧ್ಯೆ ಒಂದು ಮೊಳೆ ಹೊಡೆದ್ರೆ ಗುಂಡಗೆ ಗೆರೆ ಎಳೀಬಹುದು."

"ನಗಬೇಡಪ್ಪಾ. ಏನಾಗಿದೆ ಹೇಳು."

ಬಡಗಿ ಸ್ಯಾಟಿನ್ ಮೇಲೆ ಬೆರಳಾಡಿಸಿದ. ಬೆರಳು ಜಾರಿ ಪೆಟ್ಟಿಗೆಯ ಗೋಡೆಗೆ ಬಡಿಯಿತು. "ಇದರ ಮೇಲೆ ನಾನು ನಿಂತ್ರೂ ನನ್ನ ಕಾಲು ಎರಡು ಊರಿಗೆ ಹೋಗ್ತವೆ. ಪಾದಕ್ಕೆ ಬೇಕಾಗಿರೋದು ಹಿಡಿತ ಮಾವ. ಮೆತ್ತಗೆ ಬೇಕಾಗಿರೋದು ಬೆನ್ನಿಗೆ."

ಅವನು ಗೋಡೆ ಹಾರಿ ಹೋಗಿ ಒಂದು ಒರಟು ಗೋಣಿಚೀಲ ತಂದು ಎಸೆದ. ದೊಡ್ಡಕ್ಕ ಮರಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ತಲೆಯಾಡಿಸಿದಳು.

"ನಿಲ್ಲಲ್ಲ ಇದು. ಸುಮ್ನೆ ಇದನ್ನ ಗೋಳಾಡಿಸ್ಬೇಡ."

"ನನ್ನ ಬಟ್ಟೆ ಮೇಲೆ ಜಾರಿದ್ದು ಅಕ್ಕಾ. ನಿಲ್ಲಿಸ್ಬೇಕಾದವನೂ ನಾನೇ."

ರಜಾಯಿಯ ಅಂಚಿಗೆ ಹಾಕುವ ಪಟ್ಟಿಯಲ್ಲಿ ಬೆರಳಗಲದ ತುಂಡು ಕತ್ತರಿಸಿ, ಎರಡೂ ಕಾಲಿಗೆ ಸುತ್ತಿ, ಇರಬೇಕಾದಷ್ಟೇ ಅಂತರಕ್ಕೆ ಪಟ್ಟಿಯ ತುದಿಗಳನ್ನು ಅವನು ಹೊಲಿದ. ಗೋಡೆಯನ್ನೂ ಹೊಲಿಯಬಲ್ಲಂಥ ದಬ್ಬಣ ಹಿಡಿದು ಪಳಗಿದ ಕೈ, ಈಗ ಹೆಂಡತಿಯ ಕಸೂತಿ ಸೂಜಿ ಹಿಡಿಯಿತು. ದಿನ ಬಿಟ್ಟು ದಿನ ಬಿಚ್ಚಿ ಹೊಸ ಪಟ್ಟಿ. ಮರಿಗೆ ಕಂಪಾಸು ಎಂಬ ಹೆಸರು ಅಂಟಿಕೊಂಡಿತು. ಕಂಪಾಸು ಕಾಲಿಗೆ ಬೇಡಿ ಹಾಕಿದ ಕಳ್ಳಿಯ ಹಾಗೆ ಗೋಣಿಯ ಮೇಲೆ ಕುಪ್ಪಳಿಸುತ್ತಾ ನಡೆಯಲು ಕಲಿತಳು. ಒಂದು ಕಾಲು ನೆಟ್ಟಗಾಯಿತು. ಇನ್ನೊಂದು ಕಾಲು ಮಾತ್ರ ಹೊರಗೆ ಏನೋ ನೋಡುವುದು ಉಳಿದಿದೆ ಎಂಬಂತೆ ಪಕ್ಕಕ್ಕೇ ಇತ್ತು.

ವಾರ ವಾರಕ್ಕೂ ಮರಿಗಳು ಬೇರೆಯಾದವು. ಮೊದಲು ರೆಕ್ಕೆಯಲ್ಲಿ ನಿಜವಾದ ಗರಿ ಬಂತು. ಆಮೇಲೆ ತುಪ್ಪಳ ಅಲ್ಲಲ್ಲಿ ಉದುರಿ, ಗರಿ ಅಲ್ಲಲ್ಲಿ ಚಿಗುರಿ, ಹೊಲಿಗೆ ಬಿಚ್ಚಿದ ಹಳೆಯ ದಿಂಬಿನ ಹಾಗಾದವು. ಹತ್ತಿಮಾವನಿಗೆ ಕೈ ತುರಿಸಿತು, ಒಂದೊಂದನ್ನೇ ಹಿಡಿದು ಹೊಲಿದುಬಿಡೋಣ ಅನ್ನಿಸಿತು. ಹಿತ್ತಲಿಗೆ ಬಿಟ್ಟ ಮೊದಲ ದಿನ ಅಷ್ಟೂ ಮರಿಗಳು ಬಿಸಿಲಿನ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಕಣ್ಣು ಮೇಲೆ ಮಾಡಿದ್ದನ್ನು ಕಂಡು ಅವನು "ಎಲ್ಲ ಹೋದ್ವು!" ಎಂದು ಕೂಗಿದ ಕೂಗಿಗೆ ಅಂಗಡಿಯಲ್ಲಿದ್ದ ಗಿರಾಕಿಗಳು ಟೋಪಿ ತೆಗೆದು ನಿಂತರು. ದೊಡ್ಡಕ್ಕ ಹೊರಗೆ ಬಂದಳು.

"ಸ್ನಾನ ಮಾಡ್ತಿವೆ ಅವು."

"ಮಣ್ಣಲ್ಲಾ?"

"ನೀನು ಹತ್ತೀಲಿ ಮಾಡಲ್ವಾ?"

ಆ ಮಣ್ಣಿನ ಸ್ನಾನವನ್ನು ನೋಡುತ್ತ ಕೂತ ಮಧ್ಯಾಹ್ನಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ನಿಂಬೆಗಿಡದ ನೆರಳು ಕಲ್ಲಿನಿಂದ ತೊಟ್ಟಿಗೆ ಹೋಗುತ್ತಿತ್ತು. ಕೋಳಿಗಳು ರೆಕ್ಕೆಯೊಳಕ್ಕೆ ಧೂಳು ತುಂಬಿಕೊಂಡು ಕೊಡವುತ್ತಿದ್ದವು. ಧೂಳು ಬಂಗಾರದ ಹೊಗೆಯಾಗಿ ಏಳುತ್ತಿತ್ತು. ಜಗತ್ತನ್ನೇ ಯಾರೋ ನಿಧಾನವಾಗಿ ಹಿಂಜುತ್ತಿದ್ದಾರೆ ಎಂದು ಹತ್ತಿಮಾವನಿಗೆ ತೋರುತ್ತಿತ್ತು. ಹಾಸಿಗೆ ಕೇಳಿಕೊಂಡು ಬಂದವರು ಆಗ ಅವನು ಹಿಂದಿರುಗುವುದನ್ನು ಕಾಯುತ್ತ ಕೂತು, ಕೂತಲ್ಲೇ ತೂಕಡಿಸಿ, ನಿದ್ದೆ ಮುಗಿದ ಮೇಲೆ ಹಾಸಿಗೆ ಬೇಡ ಎಂದು ಎದ್ದು ಹೋದದ್ದೂ ಉಂಟು.

ಬಡಗಿ ಕೋಳಿಗೂಡು ಕಟ್ಟಿಕೊಟ್ಟ. ಮನುಷ್ಯ ಒಳಗೆ ಹೋಗಿ ಕೂರುವಷ್ಟು ಎತ್ತರ, ಒಳಗೆ ಕೋಳಿಗಳು ಕೂತು ಮಲಗಲು ಗೋಡೆಯಿಂದ ಗೋಡೆಗೆ ಅಡ್ಡ ಮರ. ಹತ್ತಿಮಾವ ಆ ರಾತ್ರಿಯೇ ಅಡ್ಡ ಮರಕ್ಕೆ ಉದ್ದಕ್ಕೂ ಮೆತ್ತೆ ಸುತ್ತಿ ಹೊಲಿದ. ಬೆಳಗಾಗುವಷ್ಟರಲ್ಲಿ ಕೋಳಿಗಳು ಅದನ್ನು ಕಿತ್ತು ಕಿತ್ತು ಹಿತ್ತಲಿಗೆಲ್ಲ ಹಿಮ ಸುರಿಸಿದ್ದವು. ಬಡಗಿ ಗೋಡೆಯ ಮೇಲಿನಿಂದ ನೋಡಿ, ತನ್ನ ಮಫ್ಲರು ಎತ್ತಿ ಕಿವಿಗೆ ಸುತ್ತಿಕೊಂಡು ಚಳಿಗೆ ನಡುಗಿ ತೋರಿಸಿದ.

ಕತ್ತಲಾಗುವ ಹೊತ್ತಿಗೆ ಒಂದೊಂದೇ ಕೋಳಿ ಮೇಲೆ ಹಾರಿ ಸಾಲಾಗಿ ಕೂರುವುದನ್ನು ಕಲಿಯಿತು. ಕಂಪಾಸಿಗೆ ಆಗಲಿಲ್ಲ. ಅವಳು ಹಾರಲು ಕುಗ್ಗಿದರೆ ಅಡ್ಡಕಾಲು ಪಕ್ಕಕ್ಕೆ ಜಾರಿ, ಹಾರಿದ್ದು ಗೋಡೆಗೆ. ಕೆಳಗೇ ಮಲಗಿದಳು. ಮೇಲಿನವರ ಹಿಕ್ಕೆಯೆಲ್ಲ ಅವಳ ಬೆನ್ನ ಮೇಲೆ. ಬೆಳಿಗ್ಗೆ ಇಳಿದುಬಂದವರು ಈ ಗಲೀಜು ಪ್ರಾಣಿ ಯಾರೆಂದು ಗುರುತು ಸಿಗದೆ ತಲೆಯ ಮೇಲೇ ಕುಟುಕಿದರು. ಮನೆಯೊಳಗೆ ಮಲಗಿಸಿದರೆ ಇನ್ನೂ ಕಷ್ಟ, ಒಂದು ರಾತ್ರಿ ಬೇರೆ ಇದ್ದು ಬಂದವಳು ಅವರಿಗೆ ಪೂರ್ತಿ ಪರದೇಶಿ. ಒಂದು ದಿನ ಕಂಪಾಸಿನ ನೆತ್ತಿಯಲ್ಲಿ ರಕ್ತ ಕಂಡಿತು.

ದೊಡ್ಡಕ್ಕ ಅರಿಶಿನ ಮೆತ್ತುತ್ತ ಹೇಳಿದಳು, "ನೋಡೋ ತಮ್ಮಾ. ದಿನಾ ಚೂರು ಚೂರು ಸಾಯೋದನ್ನ ನಾನು ನೋಡಲ್ಲ. ಈ ಹಿಂಡಲ್ಲಿ ಮೊದಲನೇ ಮೊಟ್ಟೆ ಬೀಳೋವರೆಗೂ ಸುಮ್ನಿರ್ತೀನಿ. ಅಷ್ಟರಲ್ಲಿ ಇವಳು ಮೇಲೆ ಹತ್ತಿದಳೋ ಸರಿ. ಇಲ್ದಿದ್ರೆ ಕಟುಕನ ಹತ್ರ ಒಂದೇ ಸಲಕ್ಕೆ ಮುಗಿಸ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹತ್ತಿಮಾವನಿಗೆ ಭಯವಾಯಿತು. ಅಕ್ಕನ ಸಿಟ್ಟಿಗೆ ಅವನ ಹತ್ತಿರ ಮೆತ್ತೆ ಇತ್ತು, ಇದಕ್ಕೆ ಇರಲಿಲ್ಲ.

ಅವನು ದಿಂಬುಗಳನ್ನು ಮೆಟ್ಟಿಲಾಗಿ ಜೋಡಿಸಿದ. ಕಂಪಾಸು ಮೊದಲ ದಿಂಬಿನಲ್ಲೇ ಹೂತುಹೋದಳು. ಗಟ್ಟಿ ಲೋಡುಗಳನ್ನಿಟ್ಟ, ಅವು ಉರುಳಿದವು. ಓರೆಯಾಗಿ ಇಟ್ಟುನೋಡಿ ಎಂದು ಬಡಗಿ ಹಲಗೆ ಕೊಟ್ಟ, ಅಡ್ಡಕಾಲು ಅದರಂಚಿನಿಂದ ಹೊರಕ್ಕೆ ಜಾರಿತು. ಒಂದು ಸಂಜೆ ಸೋತು ಗೂಡಿನೊಳಗೆ ಬೆನ್ನು ಗೋಡೆಗಾನಿಸಿ, ಮೊಣಕಾಲು ಮೇಲೆ ಮಾಡಿ ಕೂತ. ಕೋಳಿಗಳು ಮೇಲೆ ಸಾಲಾಗುತ್ತಿದ್ದವು. ಮಲಗುವ ಮುಂಚೆ ಅವು ಒಳಗೊಳಗೇ ಮಾಡುವ ಗುರುಗುರು ಸದ್ದು, ದೂರದಲ್ಲಿ ಯಾರೋ ಬಿಲ್ಲಿನ ತಂತಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಬಿಟ್ಟಂತೆ. ಅವನಿಗೆ ಕಣ್ಣು ಎಳೆಯಿತು. ಕನಸಿನಲ್ಲಿ ತಾನೂ ಅಡ್ಡ ಮರದ ಮೇಲೆ ಕೂತಿದ್ದಾನೆ, ಪಕ್ಕದಲ್ಲಿ ಅಪ್ಪ ಗರಿಯುಬ್ಬಿಸಿ ಕೂತಿದ್ದಾನೆ, ಕೆಳಗೆ ಊರೆಲ್ಲ ಬೆಳ್ಳಗೆ ಹಿಂಜಿಟ್ಟ ಹತ್ತಿ, ಬಿದ್ದರೂ ಏನೂ ಆಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದಾನೆ. ಅಷ್ಟರಲ್ಲಿ ಮೊಣಕಾಲಿನ ಮೇಲೆ ಏನೋ ಗಟ್ಟಿಯಾಗಿ ಹಿಡಿಯಿತು.

ಕಂಪಾಸು. ಒಂದು ಪಾದ ಮೂಳೆಯ ತುದಿಯಲ್ಲಿ, ಅಡ್ಡಕಾಲು ಇನ್ನೊಂದು ಮೊಣಕಾಲಿನ ಮೇಲೆ. ಅವಳ ಕಾಲಿನ ಅಂತರಕ್ಕೂ ಅವನ ಮೊಣಕಾಲುಗಳ ಅಂತರಕ್ಕೂ ಅಳೆದು ಮಾಡಿದಂತೆ ಹೊಂದಿತ್ತು. ಅಲ್ಲಿಂದ ಹೆಗಲು. ಹೆಗಲಿನಿಂದ ಒಂದು ಕ್ಷಣ ಅವನ ತಲೆ. ತಲೆಯಿಂದ ಅಡ್ಡ ಮರ.

ಬಡಗಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂತೂ ಸರಿಯಾದ ಮರ ಸಿಕ್ತಲ್ಲ ಮಾವ! ನಿಮ್ಮ ಮೈಯಲ್ಲೇ ಇಟ್ಕೊಂಡು ಊರೆಲ್ಲ ಹುಡುಕಿದ್ರಿ."

ಅಂದಿನಿಂದ ಪ್ರತಿ ಸಂಜೆ ಅಂಗಡಿ ಬೇಗ ಮುಚ್ಚಿತು. ಹೆಂಡತಿ ಅವನಿಗೆ ಅದಕ್ಕೆಂದೇ ಒಂದು ಹಳೆಯ ಅಂಗಿ ತೆಗೆದಿಟ್ಟು, ತಲೆಗೆ ಟೋಪಿ ಹೊಲಿದುಕೊಟ್ಟಳು. ಕೆಲವು ದಿನ ಕಂಪಾಸು ಒಬ್ಬಳೇ ಅವನನ್ನು ಹತ್ತಿದಳು. ಆಮೇಲೆ ಅವಳ ಹಿಂದೆ ಬಿಳಿ ಹೇಂಟೆಯೊಂದು ಹತ್ತಿತು. ಹಾರುವ ಕಷ್ಟ ಯಾಕೆ ಎಂದು ಇನ್ನೊಂದು. ಹುಂಜವೂ ಬಂತು. ಅದು ಆಗತಾನೇ ಕೂಗಲು ಕಲಿಯುತ್ತಿತ್ತು, ಅದರ ಮೊದಲ ಕೂಗು ಕೇಳಿ ಬಡಗಿ ಎಣ್ಣೆಯ ಡಬ್ಬಿ ಹಿಡಿದು ಯಾವ ಬಾಗಿಲು ಕಿರುಗುಟ್ಟಿತೆಂದು ಹುಡುಕಿಕೊಂಡು ಬಂದಿದ್ದ. ಹತ್ತಿಮಾವ ಬೇಡ ಎನ್ನಲಿಲ್ಲ. ಕಣ್ಣು ಮುಚ್ಚಿ ಕೂತು, ಭಾರ ಒಂದೊಂದಾಗಿ ತನ್ನ ಮೇಲಿಂದ ಹಾದು ಕತ್ತಲೆಯೊಳಕ್ಕೆ ಹೋಗುವುದನ್ನು ಅನುಭವಿಸುತ್ತಿದ್ದ. ಅದಕ್ಕಿಂತ ಹಗುರವಾದ ಹೊತ್ತು ಅವನ ದಿನದಲ್ಲಿ ಇರಲಿಲ್ಲ. ಕಂಪಾಸಿನ ಬೆನ್ನು ಚೊಕ್ಕಟವಾಯಿತು, ನೆತ್ತಿಯ ಗಾಯ ಒಣಗಿತು.

ಒಂದು ಬೆಳಿಗ್ಗೆ ಹಿಂಜಿಟ್ಟ ಹತ್ತಿಯ ರಾಶಿಯ ನಡುವೆ ಹೆಂಡತಿಗೆ ಮೊಟ್ಟೆ ಸಿಕ್ಕಿತು. ಚಿಕ್ಕದು, ಇನ್ನೂ ಬೆಚ್ಚಗೆ.

"ಮಾತು ಮಾತೇ," ಎಂದಳು ದೊಡ್ಡಕ್ಕ ಮೊಟ್ಟೆಯನ್ನು ಬೆಳಕಿಗೆ ಹಿಡಿದು.

"ಹತ್ತುತ್ತಾಳಲ್ಲ ಅಕ್ಕಾ ದಿನಾ!"

"ನಿನ್ನ ಮೇಲೆ ಹತ್ತುತ್ತಾಳೆ. ನೀನು ಏಣಿ. ನಿನಗೆ ಜ್ವರ ಬಂದ ದಿನ? ಊರಿಗೆ ಹೋದ ದಿನ? ಮತ್ತೆ ಕೆಳಗೆ, ಮತ್ತೆ ಕುಟುಕಿಸ್ಕೊಳ್ಳೋದು. ಇವತ್ತು ಸಂಜೆ ನೀನಿಲ್ದೆ ಹತ್ತಲಿ, ನಾನು ನೋಡ್ತೀನಿ."

"ರೀ, ಇವತ್ತೇ ಆಸ್ಪತ್ರೆ ಲಾರಿ ಬರೋದು," ಎಂದು ಹೆಂಡತಿ ನೆನಪಿಸಿದಳು. ಆಸ್ಪತ್ರೆಗೆ ಹೊಲಿದ ಹಾಸಿಗೆಗಳು ಅಂಗಡಿಯ ಸೂರಿನವರೆಗೂ ಪೇರಿಕೊಂಡಿದ್ದವು. ಮಧ್ಯಾಹ್ನ ಬರಬೇಕಾದ ಲಾರಿ ಬೆಳಕು ಕೆಂಪಾಗುವಾಗ ಬಂತು. ಹಾಸಿಗೆ ಹೊತ್ತು ಹೊತ್ತು ಹಾಕುತ್ತ ಹತ್ತಿಮಾವ ಅರ್ಧ ಕಣ್ಣನ್ನು ಆಕಾಶದಲ್ಲೇ ಇಟ್ಟಿದ್ದ. ಹಾಸಿಗೆ ಮೇಲೇರುತ್ತಿತ್ತು, ಸೂರ್ಯ ಇಳಿಯುತ್ತಿದ್ದ. ಅವನ ಕೈಗೆ ಸಿಕ್ಕಿದ್ದರೆ ಸೂರ್ಯನನ್ನೂ ಲಾರಿಗೆ ಹಾಕಿ ಹಗ್ಗ ಬಿಗಿಯುತ್ತಿದ್ದ. ಕೊನೆಯ ಹಾಸಿಗೆಯನ್ನು ಎಸೆದವನೇ ಅಂಗಡಿ, ಹಿಂಜುವ ಕೋಣೆ, ಅಡುಗೆಮನೆ ದಾಟಿ ಓಡಿದ. ಹಿತ್ತಲಿನಲ್ಲಿ ಕತ್ತಲು.

ಗೂಡಿನ ಮುಂದೆ ದೊಡ್ಡಕ್ಕ ಲಾಟೀನು ಹಿಡಿದು ನಿಂತಿದ್ದಳು. ಒಳಗಿನಿಂದ ಭಾರೀ ಗಲಾಟೆ. ಅವನು ಅಲ್ಲೇ ನಿಂತ.

"ಕುಟುಕಿಬಿಟ್ವಾ ಅಕ್ಕಾ?"

"ನೀನೇ ನೋಡು."

ಅವನು ಬಾಗಿಲು ಸರಿಸಿ ಬಗ್ಗಿದ. ನೆಲದ ತುಂಬ ಕೋಳಿಗಳು. ಹುಂಜ, ಬಿಳಿ ಹೇಂಟೆ, ಎಲ್ಲವೂ ಅವನು ದಿನಾ ಕೂರುವ ಜಾಗವನ್ನು ಸುತ್ತುಗಟ್ಟಿ, ಬಸ್ಸು ತಪ್ಪಿದ ಜನರ ಹಾಗೆ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದವು. ಅಷ್ಟು ದಿನ ಅವನ ಮೇಲೆ ನಡೆದುಕೊಂಡೇ ಹೋಗಿ ಹೋಗಿ ಒಂದಕ್ಕೂ ಹಾರಬೇಕೆಂಬ ನೆನಪೇ ಉಳಿದಿರಲಿಲ್ಲ. ಅವನು ಆ ಗುಂಪಿನಲ್ಲಿ ಕಂಪಾಸನ್ನು ಹುಡುಕಿದ. ಇರಲಿಲ್ಲ.

ದೊಡ್ಡಕ್ಕ ಲಾಟೀನು ಮೇಲೆತ್ತಿದಳು. ಅಡ್ಡ ಮರದ ಮೂಲೆಯ ತುದಿಯಲ್ಲಿ, ಉದ್ದಕ್ಕೂ ಖಾಲಿ ಬಿದ್ದ ಸಾಲಿನಲ್ಲಿ, ಒಬ್ಬಳೇ.

"ಹೇಗೆ ಹತ್ತಿದ್ಲು?"

"ಮೂಲೇಲಿ," ಎಂದಳು ದೊಡ್ಡಕ್ಕ. ಅವಳ ದನಿ ಎಂದಿನಂತಿರಲಿಲ್ಲ. "ನಿನ್ನ ಜಾಗಕ್ಕೆ ಹೋಗಿ ನೋಡಿದ್ಲು, ನೀನಿಲ್ಲ. ಮೂಲೆಗೆ ಹೋದ್ಲು. ಒಂದು ಕಾಲು ಈ ಗೋಡೆಗೆ, ಆ ಅಡ್ಡಕಾಲು ಆ ಗೋಡೆಗೆ ಕೊಟ್ಟು ರೆಕ್ಕೆ ಬಡಿದ್ಲು. ಬಿದ್ಲು. ಮತ್ತೆ ಕೊಟ್ಲು. ನೆಟ್ಟಗಿರೋ ಕಾಲಿನವರಿಗೆ ಆಗಲ್ಲ ಅದು."

ಮರುದಿನ ಇದೇ ಕತೆಯನ್ನು ಬೀದಿಯಲ್ಲಿ ಹೇಳುವಾಗ ಕಂಪಾಸು ಗೋಡೆಯ ಮೇಲೆ ಹಲ್ಲಿಯ ಹಾಗೆ ಓಡಿದಳೆಂದೂ, ಅದರ ಮರುದಿನ ಸೂರಿನಲ್ಲಿ ಎರಡು ಸುತ್ತು ಹಾಕಿ ಇಳಿದಳೆಂದೂ ಆಯಿತು. ಆದರೆ ಆ ಸಂಜೆ ಹೇಳಿದ್ದು ಇಷ್ಟೇ.

ಹತ್ತಿಮಾವ ಲಾಟೀನಿನ ಬೆಳಕಿನಲ್ಲಿ ಅವಳನ್ನು ನೋಡುತ್ತ ನಿಂತ. ಅವಳು ಅವನನ್ನು ಒಂದು ಕಣ್ಣಿನಿಂದ ನೋಡಿ, ಗರಿ ಉಬ್ಬಿಸಿ, ತಲೆಯನ್ನು ಬೆನ್ನಿನೊಳಕ್ಕೆ ತುರುಕಿದಳು. ಅವನಿಗಾದದ್ದು ಸಂತೋಷವೇ ಇರಬೇಕು. ಪೂರ್ತಿ ಸಂತೋಷವೇ ಎಂದು ಅವನು ಆಣೆ ಮಾಡಲಾರ.

"ಈಗ ಹೇಳಕ್ಕಾ," ಎಂದ ಅಕ್ಕನ ಕಡೆ ತಿರುಗಿ. "ಮೇಲೆ ಹತ್ತದವರನ್ನ ಕಟುಕನಿಗೆ ಕೊಡೋದು ಅಂತ ತಾನೇ ಮಾತು? ಹಿಡಿ. ಹುಂಜದಿಂದ ಶುರು ಮಾಡು."

"ಬಾಯಿ ಮುಚ್ಚಿ ಕೂತ್ಕೋ ಹೋಗು," ಎಂದಳು ದೊಡ್ಡಕ್ಕ. "ಪಾಪ, ಎಷ್ಟು ಹೊತ್ತು ಕಾಯ್ತಾವೆ ಅವು?"

ಅವನು ಲಾರಿಯ ಬೆವರಿನ ಅಂಗಿಯಲ್ಲೇ ಒಳಗೆ ಹೋಗಿ ಬೆನ್ನು ಗೋಡೆಗೆ ಕೊಟ್ಟು ಕೂತ. ಗಲಾಟೆ ತಟ್ಟನೆ ನಿಂತು ಗುರುಗುರು ಎಂಬ ಸದ್ದಾಯಿತು. ಹುಂಜ ಮೊಣಕಾಲು ಹತ್ತಿತು, ಹೆಗಲು ಹತ್ತಿತು. ಅದರ ಹಿಂದೆ ಬಿಳಿ ಹೇಂಟೆ. ಲಾಟೀನು ಹಿಡಿದು ಬಗ್ಗಿದ್ದ ದೊಡ್ಡಕ್ಕನ ತೋಳು ಇನ್ನೂ ಹತ್ತಿರವೆಂದು ಕಂಡ ಒಂದು ಸೋಮಾರಿ ಅದರ ಮೇಲೇ ಕಾಲಿಟ್ಟಿತು.

"ಏ, ಏ, ನನ್ನ ಮೇಲಲ್ಲ!" ಎಂದಳು ದೊಡ್ಡಕ್ಕ. ತೋಳನ್ನು ಮಾತ್ರ ಕದಲಿಸಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಊಟಕ್ಕೆ ಕರೆದಳು. ಯಾರೂ ಓಗೊಡಲಿಲ್ಲ. ಅವಳು ಕಿಟಕಿಯಿಂದ ಹಿತ್ತಲಿನ ಬೆಳಕಿನ ಕಡೆ ನೋಡಿ, "ಇಬ್ರೂ ಹೋದ್ರು," ಎಂದುಕೊಂಡು ತಟ್ಟೆಗಳನ್ನು ಮುಚ್ಚಿಟ್ಟಳು.